ಐತೋರನ ದಿಣ್ಣೆಗೆ ಸರಪಳಿ ಹಾಕಿಕೊಂಡು

ಐಡಾಹೊದ ಈ ಗುಡ್ಡಗಳಲ್ಲಿ ನಲವತ್ತೈದು ಚಳಿಗಾಲ ಗಾಡಿ ಓಡಿಸಿದ್ದೇನೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದವನು ನಾನು. ನನ್ನ ಪಿಕಪ್ ಹಳೆಯದಾದರೂ ನಾಲ್ಕು ಚಕ್ರವೂ ಎಳೆಯುವಂಥದ್ದು. ಹಿಮಕ್ಕೆ ಹೆದರಿ ಟೈರಿಗೆ ಸರಪಳಿ ಕಟ್ಟುವುದು ಊರಿಗೆ ಹೊಸಬರ ಕೆಲಸ ಎಂಬುದು ನನ್ನ ಸಿದ್ಧಾಂತವಾಗಿತ್ತು. ಆರು ವರ್ಷದ ಹಿಂದೆ ನನ್ನ ಹೆಂಡತಿ ಮಿರೆನ್ ಒಂದು ಜೊತೆ ಸರಪಳಿ ತಂದುಕೊಟ್ಟಿದ್ದಳು. ಅದು ಸೀಟಿನ ಹಿಂದೆ, ಪೆಟ್ಟಿಗೆ ಕೂಡ ಒಡೆಯದೆ ಹಾಗೆಯೇ ಬಿದ್ದಿತ್ತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಮಿರೆನ್‌ಳ ತಮ್ಮ ಐತೋರ್ ಫೋನು ಮಾಡಿದ. ಅವನ ಕುರಿ ದೊಡ್ಡಿ ಇರುವುದು ದಿಣ್ಣೆಯ ತುದಿಯಲ್ಲಿ.

"ಭಾವ, ಒಂದು ಕುರಿ ಬೆಳಗಿನ ಜಾವದಿಂದ ಮರಿ ಹಾಕೋಕೆ ತಿಣುಕ್ತಾ ಇದೆ. ಮರಿ ಅಡ್ಡ ನಿಂತಿದೆ ಅನ್ಸುತ್ತೆ, ನನ್ನ ಕೈಗೆ ಸಿಗ್ತಿಲ್ಲ. ಡಾಕ್ಟರ ಗಾಡಿ ಗ್ಯಾರೇಜಲ್ಲಿದೆಯಂತೆ. ನೀನು ಕರ್ಕೊಂಡು ಬರ್ತೀಯಾ?"

"ಅರ್ಧ ಗಂಟೆ ಕೊಡು," ಎಂದೆ ನಾನು.

ನಮ್ಮೂರ ಪಶುವೈದ್ಯೆ ಡಾಕ್ಟರ್ ರೇನಾ ಆಗಷ್ಟೇ ಅರಿಜೋನಾದ ಮರುಭೂಮಿಯಿಂದ ಬಂದಿದ್ದ ಹುಡುಗಿ. ಇಪ್ಪತ್ತೊಂಬತ್ತು ವರ್ಷ. ಹಿಮವನ್ನು ಮುಟ್ಟಿ ನೋಡಿದ್ದೇ ಆ ವರ್ಷ. ಔಷಧಿ ಚೀಲ ಮಡಿಲಲ್ಲಿಟ್ಟುಕೊಂಡು ಕೂತವಳು ಹೊರಗೆ ನೋಡಿ ಕೇಳಿದಳು, "ಸರಪಳಿ ಬೇಡ್ವಾ?"

"ಡಾಕ್ಟ್ರೇ, ಇದು ನಾಲ್ಕು ಚಕ್ರದ ಎಳೆತ. ನೀವು ಆರಾಮಾಗಿ ಕೂತ್ಕೊಳ್ಳಿ," ಎಂದು ಗೇರಿನ ಪಕ್ಕದ ಚಿಕ್ಕ ಲಿವರನ್ನು ಎಳೆದು ತೋರಿಸಿದೆ. ದಾರಿಯುದ್ದಕ್ಕೂ ಹಿಮದಲ್ಲಿ ಗಾಡಿ ಓಡಿಸುವ ಬಗೆಯನ್ನು ವಿವರಿಸಿದೆ. ಬ್ರೇಕು ಹೇಗೆ ಒತ್ತಬೇಕು, ಸ್ಟಿಯರಿಂಗ್ ಹೇಗೆ ಹಿಡಿಯಬೇಕು, ಎಲ್ಲ. ಅವಳು ಪಾಪ, ಹೂಂ ಹೂಂ ಎನ್ನುತ್ತಿದ್ದಳು.

ದಿಣ್ಣೆಯ ಕಾಲುಭಾಗ ಏರುವಷ್ಟರಲ್ಲಿ ಹಿಂದಿನ ಚಕ್ರಗಳು ಗಿರ್ರನೆ ಸುತ್ತತೊಡಗಿದವು. ಪಿಕಪ್ ಮೆಲ್ಲಗೆ, ನನ್ನನ್ನು ಒಂದು ಮಾತೂ ಕೇಳದೆ, ಹಿಂದಕ್ಕೆ ಜಾರಿ ಬೇಲಿಯ ಪಕ್ಕ ನಿಂತಿತು. ಮತ್ತೆರಡು ಸಲ ಏರಿದೆ, ಎರಡು ಸಲವೂ ಜಾರಿದೆ. ಮೂರನೆಯ ಸಲ ಬೇಲಿಯ ಗೂಟವೊಂದು ಮುರಿಯಿತು.

"ಸೀಟಿನ ಹಿಂದೆ ಒಂದು ಪೆಟ್ಟಿಗೆ ಇದೆಯಲ್ಲ," ಎಂದಳು ರೇನಾ.

ಮಂಡಿಯುದ್ದ ಹಿಮದಲ್ಲಿ ಕೂತು ಸರಪಳಿ ಬಿಡಿಸಿದೆ. ಬಿಡಿಸಿದೆ ಎನ್ನುವುದು ನನ್ನ ಮರ್ಯಾದೆಗೆ ಹೇಳುವ ಮಾತು. ಅದು ನನ್ನ ಕೈಯಲ್ಲಿ ಬಲೆಯಂತೆ ಇನ್ನಷ್ಟು ಗಂಟಾಯಿತು. ಪೆಟ್ಟಿಗೆಯೊಳಗಿದ್ದ ಕಾಗದವನ್ನು ರೇನಾ ಓದಲು ಹೊರಟಳು.

"ಓದೋದೇನೂ ಬೇಡ. ಇದೆಲ್ಲ ಕೈಗೆ ಗೊತ್ತಿರುತ್ತೆ," ಎಂದೆ. ನನ್ನ ಕೈಗೆ ಏನೂ ಗೊತ್ತಿರಲಿಲ್ಲ. ಮೊದಲನೆಯದನ್ನು ಒಳಮೈ ಹೊರಗಾಗಿ ಹಾಕಿದೆ. ಕೊಕ್ಕೆಯ ಚೂಪು ತುದಿಗಳು ಟೈರನ್ನು ಚುಚ್ಚುವಂತೆ ತಿರುಗಿದ್ದವು. ಬಿಚ್ಚಿ ಮತ್ತೆ ಹಾಕಿದೆ. ಬೆರಳುಗಳು ಮರಗಟ್ಟಿ ಕೊಕ್ಕೆ ಹಿಡಿಯಲಾಗದೆ ಹೋದಾಗ ಅವುಗಳನ್ನು ಬಾಯಲ್ಲಿಟ್ಟುಕೊಂಡು ಬೆಚ್ಚಗೆ ಮಾಡಿಕೊಂಡೆ. ಅಂತೂ ನಲವತ್ತು ನಿಮಿಷದ ಮೇಲೆ ಮುಂದಿನ ಎರಡೂ ಚಕ್ರಕ್ಕೆ ಸರಪಳಿ ಕೂತಿತು.

"ನೋಡಿ ಈಗ," ಎಂದು ಗೇರು ಹಾಕಿದೆ.

ಹಿಂದಿನ ಚಕ್ರಗಳು ಗಿರ್ರೆಂದವು. ಮುಂದಿನ ಚಕ್ರಗಳು, ಅಷ್ಟು ಕಬ್ಬಿಣ ತೊಟ್ಟುಕೊಂಡು, ಮದುವೆಗೆ ಬಂದ ಹಿರಿಯರ ಹಾಗೆ ಸುಮ್ಮನೆ ಕೂತಿದ್ದವು. ನಾವು ಜಾರಿ ಇನ್ನೊಂದು ಗೂಟ ಮುರಿದೆವು.

ನಾನು ಸರಪಳಿ ಮಾಡಿದವರನ್ನೂ ಅದನ್ನು ಕೊಂಡ ಹೆಂಡತಿಯನ್ನೂ ಬೈಯುತ್ತಿದ್ದಾಗ ರೇನಾ ಕೆಳಗಿಳಿದು ಮುಂದಿನ ಚಕ್ರದ ಹತ್ತಿರ ಬಗ್ಗಿದಳು.

"ಚಕ್ರದ ನಡುವೆ ಒಂದು ತಿರುಗುವ ಬಿಲ್ಲೆ ಇದೆಯಲ್ಲ, ಇದೇನು? ಒಂದು ಕಡೆ 'ಬಿಡು', ಇನ್ನೊಂದು ಕಡೆ 'ಹಿಡಿ' ಅಂತ ಬರೆದಿದೆ. ಬಾಣ 'ಬಿಡು' ಕಡೆ ಇದೆ."

ಹಳೆಯ ಕಾಲದ ಪಿಕಪ್ಪುಗಳಲ್ಲಿ ಒಳಗೆ ಲಿವರ್ ಎಳೆದರಷ್ಟೇ ಸಾಲದು. ಕೆಳಗಿಳಿದು ಮುಂದಿನ ಎರಡೂ ಚಕ್ರದ ಬಿಲ್ಲೆಗಳನ್ನು ಕೈಯಲ್ಲಿ ತಿರುಗಿಸಬೇಕು; ಆಮೇಲೆಯೇ ಆ ಚಕ್ರಗಳಿಗೆ ಎಂಜಿನ್ನಿನ ಎಳೆತ ಮುಟ್ಟುವುದು. ಪೆಟ್ರೋಲು ಉಳಿಯಲಿ ಎಂದು ಹಿಂದಿನ ವಸಂತದಲ್ಲಿ ನಾನೇ ಅವನ್ನು 'ಬಿಡು' ಕಡೆಗೆ ತಿರುಗಿಸಿಟ್ಟಿದ್ದೆ. ಅಂದರೆ ಆ ಚಳಿಗಾಲವಿಡೀ, ಊರಿಗೆಲ್ಲ ನಾಲ್ಕು ಚಕ್ರದ ಮಹಿಮೆ ಹೇಳುತ್ತ, ನಾನು ಓಡಿಸಿದ್ದು ಎರಡು ಚಕ್ರದ ಎಳೆತದಲ್ಲಿ.

"ತಿರುಗಿಸ್ಲಾ?" ಎಂದು ಕೇಳಿದಳು.

"ತಿರುಗಿಸಿ," ಎಂದೆ.

ಅವಳು ಎರಡೂ ಕಡೆ ತಿರುಗಿಸಿದಳು. ಕಾಗದ ಓದಿಕೊಂಡು ಸರಪಳಿಯನ್ನು ಬಿಗಿ ಮಾಡಿದಳು. ಹತ್ತು ಮಾರು ಹೋದ ಮೇಲೆ ನಿಲ್ಲಿಸಲು ಹೇಳಿ ಇನ್ನೊಮ್ಮೆ ಬಿಗಿದಳು; ಹಾಗೆ ಮಾಡಬೇಕೆಂದು ಕಾಗದದಲ್ಲಿತ್ತಂತೆ. ಪಿಕಪ್ ಹೇಸರಗತ್ತೆಯ ಹಾಗೆ ಹೆಜ್ಜೆ ಊರಿ ದಿಣ್ಣೆ ಏರಿತು. ಹಿಮದ ಬಗ್ಗೆ ನನಗೆ ವಿವರಿಸಲು ಇನ್ನೇನೂ ಉಳಿದಿರಲಿಲ್ಲ.

ಐತೋರ್ ದೊಡ್ಡಿಯಲ್ಲಿ ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ರೇನಾ ತೋಳಿಗೆ ಸೋಪು ಹಚ್ಚಿಕೊಂಡು ಹುಲ್ಲಿನ ಮೇಲೆ ಮಲಗಿಯೇಬಿಟ್ಟಳು. ಮುಚ್ಚಿದ ಕಣ್ಣು ತೆರೆಯದೆ ಒಳಗಿನದನ್ನು ಕೈಯಿಂದಲೇ ಓದುವವಳಂತೆ ಬಹಳ ಹೊತ್ತು ಹುಡುಕಿದಳು. ಮೊದಲು ಬಂದ ಮರಿಗೆ ಉಸಿರಿರಲಿಲ್ಲ. ಅದನ್ನು ಅವಳು ಹುಲ್ಲಿನಿಂದ ಉಜ್ಜಿದಳು, ಕಾಲು ಹಿಡಿದು ತೂಗಿದಳು, ಅದು ಏಳಲಿಲ್ಲ. ಎರಡನೆಯದು ಕೆಮ್ಮಿತು. ಮೂರನೆಯದು ಬಂದದ್ದೇ ಕೂಗಿಕೊಂಡಿತು. ತಾಯಿ ಕುರಿ ತಲೆಯೆತ್ತಿ ಎರಡನ್ನೂ ನೆಕ್ಕಿತು.

ಐತೋರ್ ಸತ್ತ ಮರಿಯನ್ನು ಗೋಣಿಯಲ್ಲಿ ಸುತ್ತುತ್ತ, ಯಾರ ಮುಖವನ್ನೂ ನೋಡದೆ ಕೇಳಿದ, "ಒಂದು ಗಂಟೆ ಮೊದಲೇ ಬಂದಿದ್ರೆ?"

"ಹೇಳೋಕಾಗಲ್ಲ," ಎಂದಳು ರೇನಾ. "ದಾರಿ ತುಂಬ ಕೆಟ್ಟಿತ್ತು."

ದಾರಿ. ಆ ಮಾತನ್ನು ಹೊದಿಕೆಯ ಹಾಗೆ ಎಳೆದುಕೊಂಡು ನಾನು ಅದರೊಳಗೆ ಬೆಚ್ಚಗೆ ನಿಂತೆ. ಇನ್ನೂ ನಿಂತಿರುತ್ತಿದ್ದೆನೋ ಏನೋ. ಆದರೆ ಅವಳು ಕೈ ತೊಳೆಯಲು ಹೊರಗೆ ಹೋದಾಗ ಐತೋರ್ ನನ್ನ ಹತ್ತಿರ ಬಂದ.

"ಬಿಸಿಲು ನಾಡಿನ ಡಾಕ್ಟರು, ಭಾವ. ಹಿಮ ಕಂಡು ಹೆದರಿ ಹೊರಡೋಕೆ ತಡ ಮಾಡಿದ್ಲು, ಅಲ್ವಾ? ಮುಂದಿನ ಸಲ ಆ ಕಡೆ ಊರಿನ ಡಾಕ್ಟರನ್ನೇ ಕರೆಸ್ತೀನಿ. ನಮ್ಮ ಕುರಿಗಾರರ ಸಂಘದಲ್ಲೂ ಹೇಳ್ತೀನಿ."

ಸುಮ್ಮನಿದ್ದರೆ ಮುಗಿದೇಹೋಗುತ್ತಿತ್ತು. ಅರವತ್ತಮೂರು ವರ್ಷದಲ್ಲಿ ನಾನು ಇದಕ್ಕಿಂತ ಕಡಿಮೆ ಅವಮಾನ ತಪ್ಪಿಸಿಕೊಳ್ಳಲೂ ಸುಮ್ಮನಿದ್ದವನೇ. ಆದರೆ ಆ ಗೋಣಿ ನಮ್ಮಿಬ್ಬರ ನಡುವೆ ಇತ್ತು.

"ಅವಳಲ್ಲ, ನಾನು," ಎಂದೆ. "ಅವಳು ಹೊರಡುವಾಗಲೇ ಸರಪಳಿ ಹಾಕಿ ಅಂದ್ಲು. ನಾನು ಹಾಕ್ಲಿಲ್ಲ. ಆಮೇಲೆ ಹಾಕೋಕೆ ಬರ್ಲಿಲ್ಲ. ಅಂತೂ ಹಾಕಿದ ಮೇಲೆ, ಮುಂದಿನ ಚಕ್ರದ ಬಿಲ್ಲೆ ತಿರುಗಿಸಿಲ್ಲ ಅನ್ನೋದು ಗೊತ್ತಾಯ್ತು. ಅದನ್ನ ಕಂಡುಹಿಡಿದವಳೂ ಅವಳೇ. ನಿನ್ನ ಬೇಲಿಗೂಟ ಎರಡು ಹೋಗಿವೆ."

ಐತೋರ್ ಗೋಣಿಯನ್ನು ಗೋಡೆಯ ಪಕ್ಕಕ್ಕಿಟ್ಟ. ಬೈದಿದ್ದರೆ ಹಗುರವಾಗುತ್ತಿತ್ತು.

"ಯಾವಾಗಿಂದ ತಿರುಗಿಸಿಲ್ಲ?"

"ಹೋದ ಏಪ್ರಿಲಿಂದ."

"ಚಳಿಗಾಲ ಪೂರ್ತಿ?"

"ಪೂರ್ತಿ."

ಅವನ ತುಟಿಯ ಒಂದು ಕೊನೆ ಮಾತ್ರ ಅಲುಗಿತು. "ಜನವರಿಯಲ್ಲಿ ನನ್ನ ಗಾಡಿ ಸಿಕ್ಕಿಬಿದ್ದಾಗ ಅರ್ಧ ಗಂಟೆ ಪಾಠ ಹೇಳಿದ್ಯಲ್ಲ ಭಾವ," ಎಂದ. ಮತ್ತೆ ಹೊರಗೆ ಹೋಗಿ, ಬಕೆಟ್ಟಿನ ಮುಂದೆ ಬಗ್ಗಿದ್ದ ರೇನಾಗೆ ಬಿಸಿನೀರು ಸುರಿದುಕೊಟ್ಟ. ಒಳಗೆ ಕರೆದು ಒಲೆಯ ಮೇಲಿದ್ದ, ಮಾಂಸ ಹಾಕಿ ಬೇಯಿಸಿದ ಕೆಂಪು ಬೀನ್ಸ್ ಕಾಳಿನ ಸಾರನ್ನು ಬಟ್ಟಲ ತುಂಬ ಬಡಿಸಿದ. ನನಗೂ ಕೊಟ್ಟ, ಆದರೆ ಅವಳದಕ್ಕೆ ಹಾಕಿದಷ್ಟು ಮಾಂಸ ನನ್ನದರಲ್ಲಿರಲಿಲ್ಲ.

ಹೊರಡುವಾಗ ಕೀಲಿಯನ್ನು ನಾನೇ ಅವಳಿಗೆ ಕೊಟ್ಟೆ. ಬೇಡ ಎನ್ನಬಹುದೆಂದು ಒಳಗೊಳಗೇ ಆಸೆಪಟ್ಟಿದ್ದೆ. ಅವಳು ಬೇಡ ಎನ್ನಲಿಲ್ಲ. ಮೊದಲ ಗೇರಿನಲ್ಲಿ, ಬ್ರೇಕಿಗೆ ಕಾಲನ್ನು ತಾಗಿಸಿಯೂ ತಾಗಿಸದ ಹಾಗೆ, ದಿಣ್ಣೆ ಇಳಿಸಿದಳು. ಬರುವಾಗ ನಾನು ಹೇಳಿಕೊಟ್ಟಿದ್ದು ಅದಕ್ಕೆ ತೀರ ಉಲ್ಟಾ.

ಕೆಳಗೆ ಡಾಂಬರು ಕಂಡಲ್ಲಿ ನಿಲ್ಲಿಸಿ, "ಇನ್ನು ತೆಗೀಬೇಕು, ಇಲ್ದಿದ್ರೆ ಟೈರು ಹಾಳಾಗುತ್ತಂತೆ," ಎಂದಳು. ಇಷ್ಟಾದರೂ ಮಾಡುತ್ತೇನೆಂದು ನಾನು ಇಳಿದೆ. ಅವಳು ಬಿಗಿದ ಕೊಕ್ಕೆಗಳು ನನ್ನ ಬೆರಳಿಗೆ ಜಗ್ಗಲಿಲ್ಲ. ಐದು ನಿಮಿಷ ನೋಡಿ ಅವಳೂ ಇಳಿದು ಬಂದಳು, ಕೈಗವಸು ಕಳಚಿ ನನ್ನ ಕೈಗೆ ಕೊಟ್ಟು ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಅವಳು ಎರಡೂ ಸರಪಳಿ ಬಿಚ್ಚಿ ಮುಗಿಸುವವರೆಗೆ ನಾನು ಕೈಗವಸು ಹಿಡಿದುಕೊಂಡು ನಿಂತಿದ್ದೆ.