ತೊಗಲ ಬಾನಿಯ ಮಲ್ಲಿಗೆ

"ಗುರುಬಸಾ, ಬಾ ಇಲ್ಲಿ, ಎಷ್ಟು ಮೊಗ್ಗು ಬಿಟ್ಟೈತಿ ನೋಡು!"

ಗುರುಬಸಮ್ಮ ಒದ್ದೆ ಕೈಯಲ್ಲೇ ಅಡಿಗೆಮನೆಯಿಂದ ಓಡಿಬಂದಳು. ಅತ್ತೆ ಪಂಪಮ್ಮ ಮಲ್ಲಿಗೆ ಗಿಡದ ಮುಂದೆ ಬಗ್ಗಿ ನಿಂತಿದ್ದರು. ಒಂದು ಕೈ ಕುಂಡದ ಅಂಚಿನ ಮೇಲಿತ್ತು. ಮಳೆಗೆ ನೆನೆದು ಕುಂಡದ ಸುಣ್ಣ ಒಂದು ಕಡೆ ಹೊಪ್ಪಳೆಯೆದ್ದಿತ್ತು, ಆ ಬೆರಳುಗಳ ಪಕ್ಕದಲ್ಲೇ.

"ನಾಳಿ ಅಯ್ಯನೋರು ಪಾದಪೂಜಿಗೆ ಬರ್ತಾರ. ಇವಿಷ್ಟೂ ಅವರ ಪಾದಕ್ಕ. ಗಿಡದ ಮೊದಲನೇ ಹೂವು, ಯಾರೂ ಮುಟ್ಟಬ್ಯಾಡ್ರಿ. ಮುಂಜಾನಿ ನಾನ ಬಿಡಸ್ತೀನಿ."

"ಆಗಲ್ರಿ ಅತ್ತೀ," ಎಂದಳು ಗುರುಬಸಮ್ಮ. ಅತ್ತೆ ಒಳಗೆ ಹೋದ ಮೇಲೆ ಇನ್ನೊಂದು ಕುಂಡದಿಂದ ಹಸಿಮಣ್ಣು ತಂದು ಆ ಜಾಗಕ್ಕೆ ಮೆತ್ತಿದಳು. ಅಂಟಿದ ಮಣ್ಣು ಜಾರಿತು. ಮತ್ತೆ ಮೆತ್ತಿದಳು.

ಆದವಾನಿಯ ಅರಳೆ ಪೇಟೆಯ ಆ ಮನೆಯಲ್ಲಿ ಹಿಡಿ ಮಣ್ಣೂ ಇರಲಿಲ್ಲ. ಹಿತ್ತಲೂ ಕಲ್ಲುಹಾಸು. ಬೆಳಗಲ್ಲು ಎಂಬ ಹಳ್ಳಿಯ ಬಾವಿ ತೋಟದಲ್ಲಿ ಬೆಳೆದ ಗುರುಬಸಮ್ಮನಿಗೆ ಮಕ್ಕಳು ದೊಡ್ಡವರಾದರೂ ಆ ಕಲ್ಲಿನ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಕೆಲಸ ಮುಗಿದರೂ ಮುಗಿಯದವಳಂತೆ ಒಳಗೂ ಹೊರಗೂ ತಿರುಗುತ್ತಿದ್ದಳು. ಒಡೆದ ಗಡಿಗೆ, ಸವೆದ ಒರಳು, ತಳ ಹೋದ ಬುಟ್ಟಿ, ಸೀಮೆಎಣ್ಣೆ ಡಬ್ಬಿ, ಕೈಗೆ ಸಿಕ್ಕಿದ್ದಕ್ಕೆಲ್ಲ ಮಣ್ಣು ತುಂಬಿ ಗಿಡ ಇಟ್ಟಳು. ಅವುಗಳ ನಡುವೆ ಕೂತಾಗ ಮಾತ್ರ ಅವಳ ಕೈಕಾಲು ಸುಮ್ಮನಾಗುತ್ತಿದ್ದವು. ಆದರೆ ಮಲ್ಲಿಗೆ ಮಾತ್ರ ಬದುಕಲಿಲ್ಲ. ಬೇಸಿಗೆಯಲ್ಲಿ ಡಬ್ಬಿ ಕಾದು ಬೇರು ಬೇಯುತ್ತಿತ್ತು. ಮಹಾಯುದ್ಧ ಶುರುವಾದ ಮೇಲೆ ಡಬ್ಬಿಯೂ ಸಿಗದಾಯಿತು.

ಮೊಸರು ಮಾರಲು ಬರುವ ಸುಂಕಮ್ಮ ಒಣಗಿದ ಗಿಡ ನೋಡಿ ನಕ್ಕಿದ್ದಳು. "ಡಬ್ಬ್ಯಾಗ ಹಾಕಿ ಹುರದು ಇಟ್ಟೀಯಲ್ಲಕ್ಕಾ! ನಮ್ಮ ಕಪಲೀದು ಹಳೇ ಬಾನಿ ಐತಿ, ತರ್ಲೇನು? ತೊಗಲು ತಣ್ಣಗ ಇರತೈತಿ."

ಎತ್ತು ಕಟ್ಟಿ ಬಾವಿಯಿಂದ ನೀರೆಳೆಯುವ ತೊಗಲಿನ ಬಾನಿ! ಚಪ್ಪಲಿಯೂ ಹೊಸ್ತಿಲು ದಾಟದ ಮನೆಗೆ!

"ಅತ್ತಿ ನೋಡಿದ್ರ?"

"ಏಂ ಕಾದಕ್ಕಾ, ಏನೂ ಆಗಂಗಿಲ್ಲ! ಗೋಣಿ ಸುತ್ತಿ ಮಣ್ಣು ಮೆತ್ತು, ಮ್ಯಾಲ ಸುಣ್ಣ ಬಳಿ. ನಿಮ್ಮತ್ತಿ ಬಂದು ಮೂಸಿ ನೋಡ್ತಾರೇನು?"

ಮನೆಯವರು ಮದುವೆಗೆ ಎಮ್ಮಿಗನೂರಿಗೆ ಹೋದ ದಿನ ಇಬ್ಬರೂ ಕೂತು ಬಾನಿಯ ಬಾಯಿ ಕತ್ತರಿಸಿದರು. ತಳದಲ್ಲಿ ನೀರು ಸುರಿಯುವ ಉದ್ದನೆಯ ತೊಗಲ ಸೊಂಡಿಲನ್ನು ಮಡಚಿ ಸಡಿಲಾಗಿ ಕಟ್ಟಿದರು, ಹೆಚ್ಚಿನ ನೀರು ಹನಿಹನಿಯಾಗಿ ಇಳಿಯಲೆಂದು. ಒಡೆದ ಗುಡಾಣ ಎಂದು ಅತ್ತೆಗೆ ಹೇಳಿದ್ದಾಯಿತು. ಗಿಡ ಬೇಸಿಗೆ ದಾಟಿತು. ಈಗ ಶ್ರಾವಣದಲ್ಲಿ ಮೈತುಂಬ ಮೊಗ್ಗು.

ಸಂಜೆಯೆಲ್ಲ ಅವಳು ಹಿತ್ತಲಿಗೂ ಒಳಗೂ ಅಲೆದಳು. ಹೇಳಿಬಿಟ್ಟರೆ ಈ ಬಾನಿಯೊಂದೇ ಹೋಗುವುದಿಲ್ಲ, ಯಾವುದನ್ನು ಎಲ್ಲಿಂದ ತಂದಳೋ ಎಂದು ಅಷ್ಟೂ ಕುಂಡಗಳು ಬೀದಿಗೆ ಬೀಳುತ್ತವೆ. ಸುಂಕಮ್ಮನಿಗೆ ಬಾಗಿಲು ಮುಚ್ಚುತ್ತದೆ. ಹೇಳದಿದ್ದರೆ ತೊಗಲಿನಲ್ಲಿ ಬೆಳೆದ ಹೂವು ಜಂಗಮರ ಪಾದಕ್ಕೆ. ಆ ಪಾದ ತೊಳೆದ ನೀರು ಮನೆಮಂದಿಯ ಬಾಯಿಗೆ. ಅತ್ತೆಯ ನಂಬಿಕೆ ಅವಳಿಗೇನೂ ಹೊರಗಿನದಾಗಿರಲಿಲ್ಲ. ದಿನವೂ ಲಿಂಗಪೂಜೆ ಮಾಡುವ ಕೈ ಅವಳದೂ.

"ಯಾಕ ಹಂಗ ಅಡ್ಡಾಡಾಕ ಹತ್ತೀದಿ? ಹಾವು ಕಂಡ್ಯೇನು?" ಎಂದ ಗಂಡ ಚಂದ್ರಣ್ಣ, ಅಂಗಿಗೆ ಅಂಟಿದ ಅರಳೆ ಬಿಡಿಸುತ್ತ.

"ಸೆಕಿ."

"ಶ್ರಾವಣದಾಗ ಸೆಕಿ! ಚಲೋ ಆತು."

ಬೆಳಕು ಹರಿಯುವ ಮೊದಲೇ ಸ್ನಾನ ಮಾಡಿ ಹಿತ್ತಲಿಗೆ ಬಂದಳು. ಎಲ್ಲವೂ ಅರಳಿದ್ದವು. ಒಂದೂ ಬಿಡದೆ ಕಿತ್ತು ಸೆರಗಿಗೆ ಹಾಕಿಕೊಂಡಳು. ಮೋರಿಯವರೆಗೆ ಹೋದಳು. ಹಿಡಿತುಂಬ ಹೂವು ತೆಗೆದು ಕೈ ಚಾಚಿದಳು, ಬೆರಳು ತೆರೆಯಲಿಲ್ಲ. ಅಲ್ಲದೆ, ಹೂವೆಲ್ಲಿ ಎಂದು ಅತ್ತೆ ಕೇಳಿದರೆ? ಮೋರಿಯ ಕಟ್ಟೆಯ ಮೇಲೆ ಕೂತು, ನೂಲೆಳೆದು, ಹೂವು ಕಟ್ಟತೊಡಗಿದಳು.

ಪಂಪಮ್ಮ ಬುಟ್ಟಿ ಹಿಡಿದು ಬಂದಾಗ ಗಿಡ ಬೋಳಾಗಿತ್ತು. ಸೊಸೆ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. ತುರುಬಿನ ಸುತ್ತ ದಂಡೆ.

"ನಿನ್ನ ತಲಿಯಾಗ!" ಪಂಪಮ್ಮನ ದನಿ ಏರಿತು. "ಏನವಾ, ಹೊಸ ಮದಲಗಿತ್ತಿ ಏನು ನೀನು? ದೇವರಕಿಂತ ಮುಂದ ನಿನ್ನ ತುರುಬಿಗೆ ಬೇಕಾತು?"

"ಆಸಿ ಆತ್ರಿ ಅತ್ತೀ."

ಸುಳ್ಳು ಹೇಳಲೆಂದು ಬಾಯಿ ತೆರೆದಿದ್ದಳು. ಮಾತು ಹೊರಬಿದ್ದ ಮೇಲೆ ಅದು ಸುಳ್ಳಿನಂತೆ ಕೇಳಲಿಲ್ಲ.

"ಆಸಿ! ಮಗಳು ಮದಿವಿಗೆ ಬಂದಾಳ, ಈಕಿಗೆ ಆಸಿ ಆತಂತ! ಚಂದ್ರಾ, ಬಂದು ನೋಡಪಾ ನಿನ್ನ ಹೆಣತಿ ಸಿಂಗಾರ!"

ಚಂದ್ರಣ್ಣ ಬಂದ, ನೋಡಿದ. ಇನ್ನೊಮ್ಮೆ ನೋಡಿ, "ನಾ ಪತ್ರಿ ತರ್ತೀನಿ ತಗೋ," ಎಂದು ಹೊರಬಿದ್ದ.

ಅಯ್ಯನೋರು ಪಂಚಾಕ್ಷರಯ್ಯನವರ ಪಾದಪೂಜೆ ಬರೀ ಪತ್ರಿಯಲ್ಲಿ ಮುಗಿಯಿತು. ಸೊಸೆಯನ್ನು ಪಂಪಮ್ಮ ಪೂಜೆಯ ಹತ್ತಿರಕ್ಕೆ ಕರೆಯಲಿಲ್ಲ. ಬಡಿಸಲು ಮಾತ್ರ ಕರೆದರು. ಗುರುಬಸಮ್ಮ ತುಪ್ಪದ ಗಿಂಡಿ ಹಿಡಿದು ನಡೆದಲ್ಲೆಲ್ಲ ವಾಸನೆಯೂ ನಡೆಯಿತು.

ಅಯ್ಯನೋರು ತಲೆಯೆತ್ತಿದರು. "ಪಂಪಮ್ಮಾ, ಮಲ್ಲಿಗಿ ವಾಸನಿ ಘಮ್ಮಂತ ಬರಾಕ ಹತ್ತೈತಲ್ಲ. ಗಿಡ ಹಾಕೀರೇನು?"

ಪಂಪಮ್ಮ ಸೊಸೆಯ ಕಡೆ ನೋಡಲಿಲ್ಲ. "ಹಾಕೇವ್ರಿ ಬುದ್ಧಿ. ಈಗ ಮೊಗ್ಗು ಐತಿ. ಬರೋ ಸೋಮವಾರದ ಹೂವು ನಿಮ್ಮ ಪಾದಕ್ಕ."

ಗುರುಬಸಮ್ಮ ಹೋಳಿಗೆಗೆ ತುಪ್ಪ ಬಡಿಸಲು ಬಗ್ಗಿದಳು. ತುರುಬಿನಿಂದ ಒಂದು ಹೂವು ಜಾರಿ ತಟ್ಟೆಯ ಪಕ್ಕ ಬಿತ್ತು. ಅಯ್ಯನೋರ ಎಡಗೈ ಅದರ ಕಡೆ ಸರಿಯಿತು. ಅದಕ್ಕೂ ಮುಂಚೆ ಅವಳು ಅದನ್ನು ಎತ್ತಿಕೊಂಡು, ಎಲ್ಲರೂ ನೋಡುತ್ತಿದ್ದಂತೆ, ತಿರುಗಿ ಮುಡಿಗೆ ಸಿಕ್ಕಿಸಿದಳು. ಗಿಂಡಿ ಬಾಗಿಸಿದಳು. ತುಪ್ಪ ಹೋಳಿಗೆಯ ನಡುವೆ ಬಿದ್ದು, ನಿಧಾನವಾಗಿ ಹರಡುತ್ತ ಅಂಚಿಗೆ ಬಂದು ನಿಂತಿತು.