ಒಂದು ತಿಗಣೆ, ಎಂಟು ಪೆಟ್ಟಿಗೆ

ಹಡಗು ಹತ್ತಿದ ನಾಲ್ಕನೆಯ ಬೆಳಿಗ್ಗೆ ಹಿಲ್ಕ ಕನ್ನಡಿಯ ಮುಂದೆ ನಿಂತು ತೋಳು ನೋಡಿಕೊಂಡಳು. ಮೂರು ದದ್ದು. ಮೂರೂ ಪಂಕ್ತಿಯಲ್ಲಿ ಊಟಕ್ಕೆ ಕೂತವರ ಹಾಗೆ ಒಂದೇ ಸಾಲು. ಸೊಳ್ಳೆಗೆ ಇಷ್ಟು ಶಿಸ್ತಿಲ್ಲ. ಅದು ಸಿಕ್ಕಲ್ಲಿ ಕಚ್ಚಿ ಹಾರಿಹೋಗುತ್ತದೆ. ಕಾಯಾನಿ ಊರಿನ ಆಸ್ಪತ್ರೆಯೊಂದರಲ್ಲಿ ಮೂವತ್ತೊಂದು ವರ್ಷ ರೋಗಿಗಳ ಹಾಸಿಗೆ ಬಟ್ಟೆ ಒಗೆದ ಹೆಂಗಸಿಗೆ ಇದು ಯಾರ ಕೆಲಸ ಎಂದು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಹಾಸಿಗೆಯ ಮೂಲೆ ಎತ್ತಿ, ಹೊಲಿಗೆಯ ಸಂದಿಗೆ ಹೇರ್‌ಪಿನ್ನು ತೂರಿಸಿದಳು. ಹುರಿದ ಅಗಸೆಬೀಜದಂಥ ತಿಗಣೆಯೊಂದು ಗಾಬರಿಯಿಂದ ಹೊರಬಂತು. ಹಲ್ಲುಜ್ಜುವ ಗಾಜಿನ ಲೋಟವನ್ನು ಅದರ ಮೇಲೆ ಕವುಚಿಹಾಕಿದಳು.

“ಅಕ್ಕಾ, ಬಾ ಇಲ್ಲಿ. ನಮ್ಮ ರೂಮಿಗೆ ಮೂರನೇವರು ಬಂದಿದಾರೆ.”

ಪಕ್ಕದ ಮಂಚದಲ್ಲಿ ಕುತ್ತಿಗೆಯವರೆಗೆ ಗುಂಡಿ ಹಾಕಿದ ಉಣ್ಣೆ ಸ್ವೆಟರಿನಲ್ಲಿ ಕೂತಿದ್ದ ರೌನಿ ಕನ್ನಡಕ ಏರಿಸಿ ನೋಡಿದಳು. “ನನ್ನನ್ನಂತೂ ಏನೂ ಕಚ್ಚಿಲ್ಲಪ್ಪ,” ಎಂದಳು. “ಚೊಕ್ಕಟವಾಗಿರೋರ ಹತ್ರ ಅವು ಸುಳಿಯಲ್ಲ.”

ರೌನಿ ಹಿಲ್ಕಳ ಗಂಡ ತೊಯ್ವೊನ ಅಕ್ಕ. ಹೆಲ್ಸಿಂಕಿಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವಳು, ನಿವೃತ್ತಿಯಾದ ಮೇಲೂ ಎದುರಿಗೆ ಕೂತವರ ಉಗುರು ನೋಡುವ ಚಟ ಬಿಟ್ಟಿರಲಿಲ್ಲ. ಹಿಲ್ಕ ಮದುವೆಯಾದ ಮೊದಲ ವಾರವೇ ಬಂದು ಅಡುಗೆಮನೆ ನೋಡಿ ಮೂಗು ಮುರಿದಿದ್ದಳು. ಆ ಮೂಗು ನಲವತ್ತು ವರ್ಷವಾದರೂ ನೆಟ್ಟಗಾಗಿರಲಿಲ್ಲ. ಆದರೆ ತೊಯ್ವೊ ತೀರಿಕೊಂಡ ಮೇಲೆ ಇಬ್ಬರಿಗೂ ಬೇರೆ ದಿಕ್ಕಿರಲಿಲ್ಲ. ಜಗಳಕ್ಕಾದರೂ ಒಬ್ಬರಿಗೊಬ್ಬರು ಬೇಕಾಗಿತ್ತು. ರೌನಿಗೆ ಎಪ್ಪತ್ತೈದು ತುಂಬಿದ ನೆಪದಲ್ಲಿ ‘ಸಿನಿಯಾಲ್ತೊ’ ಹಡಗಿನಲ್ಲಿ ನಾರ್ವೆಯ ಕಡೆಗೆ ಒಂಬತ್ತು ದಿನದ ಪ್ರವಾಸ ಹೊರಟಿದ್ದರು. ಹಡಗಿನ ತುಂಬ ಇವರಂಥ ಪಿಂಚಣಿದಾರರೇ.

ಹಿಲ್ಕ ಲೋಟ ಹಿಡಿದುಕೊಂಡು ನೇರವಾಗಿ ಕೋಣೆಗಳ ಮೇಲ್ವಿಚಾರಕ ನ್ಯೂಮನ್‌ನ ಬಳಿಗೆ ಹೋದಳು. ಇಸ್ತ್ರಿ ಮಾಡಿದ್ದು ಅವನ ಅಂಗಿಯನ್ನೋ ನಗುವನ್ನೋ ಎಂದು ಅನುಮಾನ ಬರುವಂಥ ಮನುಷ್ಯ. ಲೋಟವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಮೇಜಿನ ಕೆಳಗೆ ಇಟ್ಟುಬಿಟ್ಟ.

“ವಿಚಾರಿಸ್ತೀನಿ ಮೇಡಂ. ದಯವಿಟ್ಟು ಯಾರ ಹತ್ರಾನೂ ಮಾತಾಡ್ಬೇಡಿ. ನಿಮ್ಮ ಮರ್ಯಾದೆ ಪ್ರಶ್ನೆ.”

“ನನ್ನ ಮರ್ಯಾದೆ ಯಾಕಪ್ಪಾ? ಹಾಸಿಗೆ ನಿಮ್ಮದು.”

ಅವನು ಮಧ್ಯಾಹ್ನ ಕಾಫಿಯ ಹೊತ್ತಿಗೆ ಒಂದು ಕಾಗದ ಹಿಡಿದುಕೊಂಡು ಬಂದ. ಈ ಕೀಟ ನನ್ನ ಪೆಟ್ಟಿಗೆಯಲ್ಲೇ ಹಡಗಿಗೆ ಬಂದಿದೆ, ಇದರಲ್ಲಿ ಹಡಗಿನವರ ತಪ್ಪು ಏನೂ ಇಲ್ಲ ಎಂದು ಬರೆದಿತ್ತು. ಕೆಳಗೆ ಸಹಿಗೆ ಜಾಗ.

“ಇಡೀ ಹಡಗಿನಲ್ಲಿ ಈ ದೂರು ಬಂದಿರೋದು ನಿಮ್ಮೊಬ್ಬರಿಂದ ಮೇಡಂ,” ಎಂದ ನ್ಯೂಮನ್ ಮೆಲ್ಲಗೆ. “ಪೆಟ್ಟಿಗೆ ಹಳೇದು, ನಿಮ್ಮನೆಯಿಂದಲೇ ಬಂದಿರಬೇಕು ಅಂತ ನಿಮ್ಮ ಜೊತೆಯವರೇ ಹೇಳಿದ್ದಾರೆ. ಸಹಿ ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ. ಹಾಕದೆ ಇದ್ರೆ, ನಾಳೆ ಮಧ್ಯಾಹ್ನ ಬರ್ಗೆನ್‌ನಲ್ಲಿ ನಿಮ್ಮನ್ನ ಇಳಿಸಬೇಕಾಗುತ್ತೆ. ಉಳಿದವರ ಆರೋಗ್ಯ ನೋಡ್ಬೇಕಲ್ಲ.”

ಹಿಲ್ಕಳ ಮೈಯೆಲ್ಲ ಉರಿದುಹೋಯಿತು. ಸಾವಿರಾರು ಜನರ ಹೇಸಿಗೆಯನ್ನು ಒಗೆದು ಬೆಳ್ಳಗೆ ಮಾಡಿದ ಕೈ ಇದು. ಈ ಕೈಯಿಂದಲೇ ನಾನು ಕೊಳಕಿ ಎಂದು ಬರೆದುಕೊಡಬೇಕೇ? ಅದೂ ರೌನಿಯ ಮಾತಿನ ಮೇಲೆ? ಸಹಿ ಹಾಕಿದರೆ ರೌನಿಯ ನಲವತ್ತು ವರ್ಷದ ಮೂಗಿಗೆ ಸರ್ಟಿಫಿಕೇಟು ಕೊಟ್ಟ ಹಾಗೆ. ಹಾಕದಿದ್ದರೆ ಪೆಟ್ಟಿಗೆ ಹೊತ್ತು ಬರ್ಗೆನ್ ಬಂದರಿನಲ್ಲಿ ಎಲ್ಲರ ಕಣ್ಣೆದುರು ಇಳಿಯಬೇಕು. ಅತ್ತ ದರಿ, ಇತ್ತ ಪುಲಿ.

ಸಹಿ ಹಾಕದೆ, ಕಾಗದವನ್ನು ಅವನ ಕೈಯಲ್ಲೇ ಬಿಟ್ಟು, ಕೋಣೆಗೆ ಬಂದು ಬಾಗಿಲು ಹಾಕಿದಳು. “ನೀನಾ ಹೇಳಿದ್ದು?”

ರೌನಿ ಕಿಟಕಿಯ ಕಡೆ ನೋಡುತ್ತ, “ಕೇಳಿದ್ರು, ಹೇಳಿದೆ,” ಎಂದಳು.

“ನಿನ್ನ ನಾಲಿಗೆ ಬಿದ್ದುಹೋಗ.”

ಆಮೇಲೆ ಇಬ್ಬರೂ ಮಾತು ಬಿಟ್ಟರು. ಎರಡು ಮಂಚದ ನಡುವೆ ಒಂದು ಮೊಳ ಜಾಗವಿರುವ ಕೋಣೆಯಲ್ಲಿ ಮಾತು ಬಿಟ್ಟು ಬದುಕುವುದು ಬೇರೆಯವರಿಗೆ ಕಷ್ಟವಾದೀತು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ನಮ್ಮ ಹೆಲ್ಸಿಂಕಿ, ಕಾಯಾನಿ ಕಡೆಯ ಜನಕ್ಕೆ ಬೆಳ್ಳಿ ಮುಟ್ಟಿ ಅಭ್ಯಾಸವೇ ಇಲ್ಲ.

ಸಂಜೆಯ ಹೊತ್ತಿಗೆ ಹಿಲ್ಕಳಿಗೆ ಮೈ ತುರಿಕೆ ತಡೆಯಲಾಗಲಿಲ್ಲ. ಬಿಸಿ ಹಬೆ ಬಿದ್ದರೆ ತುರಿಕೆ ಅಡಗುತ್ತದೆ. ಆದರೆ ಹೆಂಗಸರ ಸೌನಾಕ್ಕೆ, ಆ ಹಬೆಯ ಕೋಣೆಗೆ, ಹೋಗಿ ಬಟ್ಟೆ ಬಿಚ್ಚಿದರೆ ದದ್ದುಗಳನ್ನು ಎಲ್ಲರೂ ನೋಡುತ್ತಾರೆ. ಹಾಗೆಂದು ಬೆಳಿಗ್ಗೆಯಿಂದ ಅತ್ತ ತಲೆ ಹಾಕಿರಲಿಲ್ಲ. ಸಾಲ್ಮನ್ ಮೀನಿನ ಊಟಕ್ಕೆ ಗಂಟೆ ಹೊಡೆಯಿತು. ಸಾಲ್ಮನ್ ಬಿಟ್ಟು ಈ ಹೊತ್ತಿನಲ್ಲಿ ಸೌನಾಕ್ಕೆ ಯಾವ ಹುಚ್ಚಿ ಬರುತ್ತಾಳೆ ಎಂದುಕೊಂಡು, ಟವೆಲನ್ನು ಗಂಟಲವರೆಗೆ ಸುತ್ತಿಕೊಂಡು, ಬಾಗಿಲು ತಳ್ಳಿ ಒಳಗೆ ಹೋದಳು.

ಒಳಗೆ ಏಳು ಜನ ಹುಚ್ಚಿಯರು ಆಗಲೇ ಕೂತಿದ್ದರು. ಏಳೂ ಜನ ಗಂಟಲವರೆಗೆ ಟವೆಲು ಸುತ್ತಿಕೊಂಡಿದ್ದರು.

ಸೌನಾದಲ್ಲಿ ಟವೆಲು ಸುತ್ತಿಕೊಂಡು ಕೂರುವುದು ಪರದೇಶದವರ ಚಾಳಿ. ಹುಟ್ಟಿದ ಆರನೇ ತಿಂಗಳಿಂದ ಬರಿಮೈಯಲ್ಲಿ ಈ ಹಲಗೆಗಳ ಮೇಲೆ ಕೂತು ಬೆಳೆದ ಹೆಂಗಸರು ಹೀಗೆ ಚಳಿಯಲ್ಲಿ ನಡುಗುವ ಮುದಿ ಕೋಳಿಗಳ ಹಾಗೆ ಮುದುಡಿ ಕೂತಿದ್ದನ್ನು ಹಿಲ್ಕ ಜನ್ಮದಲ್ಲಿ ಕಂಡಿರಲಿಲ್ಲ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹಿಲ್ಕ ಕೆಳಗಿನ ಹಲಗೆಯ ಮೇಲೆ ಕೂತಳು. ಪಕ್ಕದವಳು ಮೆಲ್ಲಗೆ ಕಾಲಿಗೆ ಕಾಲು ಉಜ್ಜಿಕೊಂಡಳು. ಮೇಲಿನವಳು ಗೋಡೆಗೆ ಬೆನ್ನು ಉಜ್ಜಿದಳು. ಹಿಲ್ಕ ತನ್ನ ತೋಳನ್ನು ಟವೆಲಿನೊಳಗೇ ಪರಚಿಕೊಂಡಳು.

ಮೂವತ್ತೊಂದು ವರ್ಷದ ಅನುಭವ ಅವಳ ತಲೆಯಲ್ಲಿ ಒಂದು ಲೆಕ್ಕ ಹಾಕಿತು. ಎದ್ದು ಸೌಟು ತೆಗೆದುಕೊಂಡು, ಕಾದ ಕಲ್ಲುಗಳ ಮೇಲೆ ನೀರು ಹಾಕಿದಳು. ಒಂದು. ಎರಡು. ಐದು. ಹಬೆ ಬುಸ್ಸೆಂದು ಎದ್ದಿತು.

“ಏನಮ್ಮಾ, ನಮ್ಮನ್ನ ಬೇಯಿಸಿ ಸಾಲ್ಮನ್ ಜೊತೆ ಬಡಿಸ್ತೀಯಾ?” ಎಂದು ಕೂಗಿದಳು ಲೆಂಪಿ. ಹೆಲ್ಸಿಂಕಿಯಲ್ಲಿ ಟ್ರಾಮ್ ಓಡಿಸಿದ್ದವಳು. ಗಂಟಲು ಈಗಲೂ ರಸ್ತೆಯ ಮೇಲೇ ಇತ್ತು.

“ಸೆಕೆಯಾದ್ರೆ ಟವೆಲು ತೆಗೀರಿ,” ಎಂದಳು ಹಿಲ್ಕ. “ಬೇಡ ಅಂದೋರು ಯಾರು?”

ಆರನೆಯ ಸೌಟಿಗೆ ಲೆಂಪಿಯ ಟವೆಲು ಬಿತ್ತು. ಹೊಟ್ಟೆಯ ಮೇಲೆ ಮೂರು ದದ್ದು, ತೊಡೆಯ ಮೇಲೆ ಆರು. ಏಳನೆಯದಕ್ಕೆ ಪಾದ್ರಿಯ ವಿಧವೆ ಸೀಗ್ನೆ, “ದೇವರೇ, ನೀನೇ ಕ್ಷಮಿಸು,” ಎಂದು ತನ್ನದನ್ನೂ ಕಿತ್ತೆಸೆದಳು. ಅವಳ ದದ್ದುಗಳಿದ್ದ ಜಾಗವನ್ನು ಪಾದ್ರಿಯೂ ಹಗಲು ಹೊತ್ತಿನಲ್ಲಿ ನೋಡಿರಲಾರ. ಆಮೇಲೆ ಒಬ್ಬೊಬ್ಬರದಾಗಿ ಎಲ್ಲ ಟವೆಲೂ ಬಿದ್ದವು. ಎಲ್ಲರ ಮೈಮೇಲೂ ಪಂಕ್ತಿ ಊಟ ನಡೆದುಹೋಗಿತ್ತು.

“ನೀವೂನಾ?”

“ನನ್ನ ಪೆಟ್ಟಿಗೇಲಿ ಬಂದಿದ್ದು,” ಎಂದಳು ಸೀಗ್ನೆ ತಲೆ ತಗ್ಗಿಸಿ. “ಯಾರಿಗೂ ಹೇಳಲ್ಲ ಅಂದ ಆ ನ್ಯೂಮನ್. ಸಹಿ ಹಾಕಿಬಿಟ್ಟೆ. ನಲವತ್ತು ವರ್ಷ ಪಾದ್ರಿ ಮನೇಲಿದ್ದೋಳು ನಾನು. ನಮ್ಮನೇಲಿ ಪಾಪ ಇತ್ತು, ತಿಗಣೆ ಇರ್ಲಿಲ್ಲ.”

“ನಿನ್ನ ಪೆಟ್ಟಿಗೆ ಹೆಂಗಾಗುತ್ತೆ? ನನ್ನ ಪೆಟ್ಟಿಗೇಲಿ ಬಂದಿದ್ದು ಅದು,” ಎಂದಳು ಲೆಂಪಿ. “ನಾನೂ ಸಹಿ ಹಾಕಿದೀನಿ.”

ನಾನೂ, ನಾನೂ ಎಂದು ಹಲಗೆಗಳ ಮೇಲಿಂದ ದನಿಗಳು ಬಂದವು. ಏಳು ಜನ, ಏಳು ಸಹಿ. ಇಡೀ ಹಡಗಿನಲ್ಲಿ ನಿಮ್ಮೊಬ್ಬರಿಗೇ ಮೇಡಂ ಎಂದು ನ್ಯೂಮನ್ ಏಳೂ ಜನಕ್ಕೆ ಹೇಳಿದ್ದ. ಮಾತೇ ಆಡದ ಜನರ ನಡುವೆ ಸುಳ್ಳು ಹೇಳುವುದು ಎಷ್ಟು ಸಲೀಸು ನೋಡಿ.

“ಹಂಗಾದ್ರೆ ನನ್ನದೂ ಸೇರಿ ಒಂದೇ ತಿಗಣೆ ಎಂಟು ಪೆಟ್ಟಿಗೇಲಿ ಬಂದಿದೆ,” ಎಂದಳು ಹಿಲ್ಕ.

“ನನ್ನ ಟ್ರಾಮಿನಲ್ಲೂ ಯಾರೂ ಅಷ್ಟು ಹತ್ತಿ ಇಳೀತಿರ್ಲಿಲ್ಲ ಬಿಡು!” ಎಂದಳು ಲೆಂಪಿ. ಸೀಗ್ನೆ ಮೊದಲು ನಕ್ಕಳು. ಆಮೇಲೆ ಎಂಟೂ ಜನ ಬರಿಮೈಯಲ್ಲಿ, ತೊಡೆ ಚಪ್ಪರಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಹಿಲ್ಕಳಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ನ್ಯೂಮನ್ ಆಮೇಲೆ. ಮೊದಲು ರೌನಿಯ ಮುಖ ನೋಡಬೇಕು. ನಿಲುವಂಗಿ ಸುತ್ತಿಕೊಂಡು ದಡದಡ ಮೆಟ್ಟಿಲಿಳಿದು ಕೋಣೆಯ ಬಾಗಿಲು ತೆರೆದಳು.

ರೌನಿ ಸ್ವೆಟರು ಬಿಚ್ಚಿ, ಸ್ನಾನದ ಮನೆಯ ಬಾಗಿಲಿನ ಚೌಕಟ್ಟಿಗೆ ಬೆನ್ನು ಕೊಟ್ಟು, ಎಮ್ಮೆ ಮರಕ್ಕೆ ಮೈ ಉಜ್ಜುವ ಹಾಗೆ ಮೇಲೆ ಕೆಳಗೆ ಉಜ್ಜುತ್ತಿದ್ದಳು. ಬೆನ್ನಿನ ತುಂಬ ದದ್ದು. ಕೆಲವು ಹಳತಾಗಿ ಹಕ್ಕಳೆ ಕಟ್ಟಿದ್ದವು.

“ಯಾವಾಗಿನಿಂದ?” ಎಂದಳು ಹಿಲ್ಕ.

“ಮೊದಲನೇ ರಾತ್ರಿಯಿಂದ.” ರೌನಿ ಸ್ವೆಟರನ್ನು ಎದೆಗೆ ಒತ್ತಿಕೊಂಡಳು. “ಹೊರಡೋ ಹಿಂದಿನ ದಿನ ನೀನು ನಮ್ಮನೆ ಸೋಫಾದ ಮೇಲೆ ಮಲಗಿದ್ದೆ. ಆ ಸೋಫಾದಿಂದಲೇ ಬಂತೇನೋ ಅಂತ... ನಮ್ಮನೇಲಿ ತಿಗಣೆ ಅಂತ ಗೊತ್ತಾದ್ರೆ ನಾನು ಹೆಂಗೆ ತಲೆ ಎತ್ಕೊಂಡು ಓಡಾಡ್ಲಿ?”

“ಅದಕ್ಕೆ ನನ್ನ ತಲೆ ಮೇಲೆ ಹಾಕಿದ್ಯಾ?”

“ಹೂಂ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳೋ ಕದಿಯದ ಕುಂಬಳಕಾಯಿಗೆ ಪಕ್ಕದವಳ ಹೆಗಲು ತೋರಿಸಿದ್ದಳು. ಹಿಲ್ಕಳಿಗೆ ಸಿಟ್ಟು ಬಂತು, ನಗು ಬಂತು, ಆ ಮುದಿ ಬೆನ್ನು ನೋಡಿ ಕರುಳೂ ಚುರಕ್ ಎಂದಿತು. ಮೂರರಲ್ಲಿ ಯಾವುದನ್ನೂ ತೋರಿಸದೆ, “ನಡಿ ಸೌನಾಕ್ಕೆ,” ಎಂದು ಟವೆಲು ಎಸೆದಳು. ಸೌನಾದಲ್ಲಿ ಕಂಡ ಸುದ್ದಿಯನ್ನು ಮಾತ್ರ ಹೇಳಲಿಲ್ಲ. ಅಷ್ಟು ಶಿಕ್ಷೆಯಾದರೂ ಆಗಲಿ.

ಸೌನಾದ ಬಾಗಿಲಲ್ಲಿ ರೌನಿ ನಿಂತೇಬಿಟ್ಟಳು. ಒಂದೊಂದು ಮೈಯನ್ನೂ ಮೇಲಿನ ಹಲಗೆಯಿಂದ ಕೆಳಗಿನ ಹಲಗೆಯವರೆಗೆ ಕಣ್ಣು ಬಿಟ್ಟುಕೊಂಡು ನೋಡಿದಳು. ಮುಖ ಬಿಳಚಿಕೊಂಡಿತು.

“ಅಯ್ಯೋ ದೇವರೇ,” ಎಂದಳು. “ನನ್ನ ಸೋಫಾ ಇಷ್ಟೂ ಜನಾನ ಕಚ್ಚಿತಾ?”

ಸೌನಾ ಮತ್ತೊಮ್ಮೆ ಕಿತ್ತುಹೋಗುವಷ್ಟು ನಗು. “ನಿನ್ನ ಸೋಫಾ ಅಲ್ಲ ಕಣಕ್ಕಾ,” ಎಂದಳು ಹಿಲ್ಕ, ಉಸಿರು ಸಿಕ್ಕಿದ ಮೇಲೆ. “ಹಡಗಿನದು. ಆ ಗಟ್ಟಿ ಸೋಫಾದಲ್ಲಿ ತಿಗಣೆಗೆ ನಿದ್ದೆ ಎಲ್ಲಿಂದ ಬರ್ಬೇಕು?” ರೌನಿ ನಗಲಿಲ್ಲ. ಟವೆಲನ್ನು ಬಿಗಿಯಾಗಿ ಹಿಡಿದುಕೊಂಡು ಕೆಳಗಿನ ಹಲಗೆಯ ತುದಿಯಲ್ಲಿ ಕುಸಿದು ಕೂತಳು.

ಅಷ್ಟರಲ್ಲಿ ಲೆಂಪಿ ಹೊರಗಿನ ಕೋಣೆಯಿಂದ ಫೋನು ಮಾಡಿದ್ದಳು. “ಸೌನಾದಲ್ಲಿ ಹೆಂಗಸರು ಬಿದ್ದಿದಾರೆ, ನ್ಯೂಮನ್‌ಗೆ ಓಡಿ ಬರಕ್ಕೆ ಹೇಳು!” ಬಿದ್ದಿದ್ದೇನೂ ಸುಳ್ಳಲ್ಲ, ನಕ್ಕು ನಕ್ಕು ಬಿದ್ದಿದ್ದರು. ನ್ಯೂಮನ್ ಓಡಿ ಬಂದು ಬಾಗಿಲು ತೆರೆದರೆ, ಏಳು ಜನ ಅಜ್ಜಿಯರು ಹಬೆಯಾಡುತ್ತ ಬರಿಮೈಯಲ್ಲಿ ಸಾಲಾಗಿ ನಿಂತಿದ್ದರು. ಅವರ ಮುಂದೆ ಹಿಲ್ಕ, ಕೈಯಲ್ಲಿ ಸೌಟು. ಅವನು ಕಂಕುಳಲ್ಲಿದ್ದ ಸಹಿ ಕಾಗದಗಳ ಕಡತವನ್ನು ಕಣ್ಣಿಗೆ ಅಡ್ಡ ಹಿಡಿದುಕೊಂಡ.

“ಅಡ್ಡ ಯಾಕೆ ಹಿಡೀತೀಯ ಮಗನೇ? ಎಣಿಸು,” ಎಂದಳು ಪಾದ್ರಿಯ ವಿಧವೆ. “ಸಹಿ ಕೇಳ್ದಾಗ ಇಲ್ದಿದ್ದ ನಾಚಿಕೆ ಈಗೆಲ್ಲಿಂದ ಬಂತು?”

“ಆ ಕಾಗದ ಹರಿದು ಹಾಕ್ತೀಯೋ, ಹಿಂಗೇ ಊಟದ ಹಾಲಿಗೆ ಬರೋಣ್ವೋ?” ಎಂದಳು ಲೆಂಪಿ.

ಊಟದ ಹಾಲಿನಲ್ಲಿ ಆರುನೂರು ಜನ ಸಾಲ್ಮನ್ ತಿನ್ನುತ್ತಿದ್ದರು. ನ್ಯೂಮನ್ ಏಳು ಕಾಗದಗಳನ್ನು ನಿಂತಲ್ಲೇ ಹರಿದ. ಕೈಯಲ್ಲಿ ಇನ್ನೊಂದು ಉಳಿಯಿತು.

“ಆದ್ರೆ ಹಿಲ್ಕ ಮೇಡಂ ವಿಷಯ ಬೇರೆ,” ಎಂದ ಕಡತದ ಹಿಂದಿನಿಂದ. “ಸಾಕ್ಷಿ ಇದೆ. ಅದೇ ಕೋಣೆಯಲ್ಲಿರೋ ಅವರ ಸಂಬಂಧಿಗೆ ಒಂದು ಕಡಿತಾನೂ ಇಲ್ಲ. ಅವರೇ ಹೇಳಿದ್ದಾರೆ. ನಾಳೆ ಬರ್ಗೆನ್‌ನಲ್ಲಿ...”

ನಗು ನಿಂತಿತು. ಹಿಲ್ಕ ಹಿಂದಿರುಗಿ ನೋಡಲಿಲ್ಲ. ನೋಡಿದರೆ ಕೇಳಿಕೊಂಡ ಹಾಗಾಗುತ್ತದೆ. ರೌನಿಯನ್ನು ಕೇಳಿಕೊಳ್ಳುವುದಕ್ಕಿಂತ ಬರ್ಗೆನ್ನೇ ವಾಸಿ.

ಹಲಗೆ ಕಿರುಗುಟ್ಟಿತು. ಡಾಕ್ಟರ ಮುಂದೆಯೂ ಒಂದು ಗುಂಡಿಗಿಂತ ಹೆಚ್ಚು ಬಿಚ್ಚದ ರೌನಿ ಎದ್ದು ಬಂದು, ಸಾಲನ್ನು ಸರಿಸಿ, ನ್ಯೂಮನ್‌ನ ಎದುರಿಗೆ ನಿಂತಳು. ಅವನ ಕೈಯಿಂದ ಕಡತವನ್ನು ಕೆಳಗಿಳಿಸಿದಳು. ಟವೆಲು ಬಿಟ್ಟಳು. ಬೆನ್ನು ತಿರುಗಿಸಿದಳು.

“ಆ ಸಂಬಂಧಿ ನಾನೇ. ಚೆನ್ನಾಗಿ ನೋಡು,” ಎಂದಳು ಶಾಲೆಯ ದನಿಯಲ್ಲಿ. “ಮೊದಲನೇ ರಾತ್ರಿಯಿಂದ ಕಚ್ಚಿದೆ. ನಾನು ಹೇಳಿದ್ದು ಸುಳ್ಳು. ಇವಳಷ್ಟು ಚೊಕ್ಕಟವಾದ ಹೆಂಗಸನ್ನ ನಾನು ನೋಡಿಲ್ಲ. ಬರ್ಕೋ. ದೊಡ್ಡ ಅಕ್ಷರದಲ್ಲಿ.”

ನ್ಯೂಮನ್ ಬರೆದುಕೊಳ್ಳಲಿಲ್ಲ. ಎಂಟನೆಯ ಕಾಗದವನ್ನೂ ಹರಿದು, ಎಲ್ಲರಿಗೂ ಬೇರೆ ಕೋಣೆ ಕೊಡುತ್ತೇನೆ ಎಂದು ಗೊಣಗುತ್ತ, ಗೋಡೆ ಹಿಡಿದುಕೊಂಡು ಹೊರಟುಹೋದ.

ಈ ಮಾತಿಗಾಗಿ ಹಿಲ್ಕ ನಲವತ್ತು ವರ್ಷ ನೆಲ ಒರೆಸಿದ್ದಳು. ಅಳು ಬಂದದ್ದನ್ನು ಹಬೆಯ ಮೇಲೆ ಹಾಕಿ ಮುಖ ಒರೆಸಿಕೊಂಡಳು.

“ಏನ್ ನೋಡ್ತಾ ನಿಂತಿದೀಯ?” ಎಂದಳು ರೌನಿ, ಬೆನ್ನು ತಿರುಗಿಸಿಕೊಂಡೇ. “ಉರೀತಿದೆ. ಉಜ್ಜು.”

“ತಪ್ಪಾಯ್ತು ಅಂತ ಒಂದು ಮಾತು ಬರಲ್ವಲ್ಲಾ ನಿನ್ನ ಬಾಯಲ್ಲಿ!”

“ಬೆನ್ನು ತೋರಿಸಿದೀನಲ್ಲ. ಇನ್ನೇನ್ ಬೇಕು ನಿಂಗೆ?”

ಹಿಲ್ಕಳಿಗೆ ಇನ್ನೇನೂ ಬೇಕಾಗಿರಲಿಲ್ಲ. ಬ್ರಷ್ಷಿಗೆ ಸೋಪು ಹಚ್ಚಿಕೊಂಡು, ಮೇಲಿನಿಂದ ಕೆಳಗಿನವರೆಗೆ, ಒಂದು ದದ್ದನ್ನೂ ಬಿಡದೆ ಉಜ್ಜಿದಳು.