ಇಳಿಜಾರಿನ ಸದ್ದು

ಸೈಕಲ್ಲಿನ ಕೊಳವೆಯಲ್ಲಿ ಕಪ್ ಕೂತಾಗಿತ್ತು, ಆದರೂ ಸುತ್ತಿಗೆ ನಿಲ್ಲಲಿಲ್ಲ. ರಾಯದುರ್ಗದ ಕೋಟೆಗುಡ್ಡದ ಬುಡದ ಓಣಿಯಲ್ಲಿ ಹೊಸದಾಗಿ ಬಾಡಿಗೆಗೆ ಬಂದು, ಜೀನ್ಸ್ ಪ್ಯಾಂಟುಗಳ ಅಂಚು ಹೊಲಿಯುತ್ತ ಕೂತಿದ್ದ ಬನಶಂಕರಮ್ಮನಿಗೆ ಗೋಡೆಯಾಚೆಯ ಹೊಡೆತ ಮೊದಲು ದಪ್ಪಗೆ, ಮಣ್ಣಿಗೆ ಬಡಿದಂತೆ ಕೇಳುತ್ತಿತ್ತು. ಇದ್ದಕ್ಕಿದ್ದಂತೆ ಅದು ತೆಳ್ಳಗಾಗಿ, ಕಂಚಿಗೆ ಬಡಿದಂತಾಯಿತು. ಏನೋ ಒಂದು ತನ್ನ ಜಾಗ ಸೇರಿತು ಅಂದುಕೊಂಡಳು. ಸೂಜಿ ಮುರಿಯುವ ಮುನ್ನವೇ ಸದ್ದಿನಲ್ಲಿ ತಿಳಿದು ಕಾಲು ತೆಗೆಯುವ ಹೆಂಗಸು ಆಕೆ. ಕೂತ ವಸ್ತುವಿನ ಮೇಲೆ ಬೀಳುವ ಹೊಡೆತವನ್ನು ಸಹಿಸಿಕೊಂಡು ಇರಲಾಗಲಿಲ್ಲ. ಎದ್ದು ಹೋಗಿ ಬಾಗಿಲಲ್ಲಿ ನಿಂತಳು.

"ಕುಂತೈತಲ್ರೀ ಅಣ್ಣಾರ, ಇನ್ನಾ ಯಾಕ ಬಡೀತೀರಿ?"

ಮುದುಕ ತಲೆ ಎತ್ತಲಿಲ್ಲ. ಇನ್ನೂ ಹೊಡೆದ. ಕಪ್‌ನ ಅಂಚು ಸೀಳಿತು. ಸೈಕಲ್ ಅಂಗಡಿಯ ಸಣ್ಣಬಸಪ್ಪ ಆಕೆಗೆ ಪರಿಚಯವಾದದ್ದು ಹೀಗೆ.

ಮಡಕಶಿರಾ ಸೀಮೆಯ ರತ್ನಗಿರಿಯವನು. ಈ ಊರಿನ ನೀರು ಕುಡಿದು ಆಯುಷ್ಯ ಕಳೆದರೂ ಅಲ್ಲಿಯ ಮಾತನ್ನು ಬಿಟ್ಟವನಲ್ಲ. ಸುಡುಬಿಸಿಲಲ್ಲೂ ತೊಡುತ್ತಿದ್ದ ಖಾಕಿ ಕೋಟಿನ ಜೇಬಿನಲ್ಲಿ ಸದಾ ಬೇರಿಂಗಿನ ಉಕ್ಕಿನ ಗುಂಡುಗಳಿರುತ್ತಿದ್ದವು. ನಡೆದರೆ ಆಡಿಸಿದ ಗಿಲಕಿಯಂತೆ ಸದ್ದಾಗುತ್ತಿತ್ತು, ಅದು ಓಣಿಗೆಲ್ಲ ಕೇಳುತ್ತಿತ್ತು, ಆತನೊಬ್ಬನಿಗೆ ಬಿಟ್ಟು. ಸೈಕಲ್ ತುಳಿಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿದ್ದರೂ ಬಲಗಾಲಿನ ಪ್ಯಾಂಟಿಗೆ ಕ್ಲಿಪ್ಪು ಹಾಕದೆ ಹೊಸ್ತಿಲು ದಾಟುತ್ತಿರಲಿಲ್ಲ. ಕಿವುಡು ಎಂಬ ಮಾತನ್ನಂತೂ ಒಪ್ಪುತ್ತಲೇ ಇರಲಿಲ್ಲ. "ಈ ಊರೋರು ಬಾಯೊಳ್ಗೇ ಮಾತಾಡ್ತಾರೆ ಕಣಮ್ಮ" ಎನ್ನುವನು. ಮಗಳು ತಂದುಕೊಟ್ಟ ಕಿವಿಯ ಯಂತ್ರ ಹಳೆಯ ವಾಲ್ವುಗಳ ಡಬ್ಬಿಯಲ್ಲಿ ಬಿದ್ದಿತ್ತು: "ಅದನ್ನಿಕ್ಕಂಡ್ರೆ ಕಿವೀಲಿ ಜೀರುಂಡೆ ಸಾಕ್ಕಂಡಂಗೆ ಆಗ್ತೈತೆ."

ಒಡೆದದ್ದು ಹಳೆಯ ಬಿಎಂಎಕ್ಸ್ ಸೈಕಲ್ಲಿನ ಕಪ್. ಗಿಡ್ಡ ಚಕ್ರದ, ಎತ್ತರದ ಹ್ಯಾಂಡಲಿನ ಆ ಕೆಂಪು ಸೈಕಲ್ಲನ್ನು ಮಗಳು ಸುಮಾ ಶಾಲೆಗೆ ಹೋಗುವ ಕಾಲದಲ್ಲಿ ಆತನೇ ಜೋಡಿಸಿಕೊಟ್ಟಿದ್ದ. ಸಂಜೆ ಅವಳು ಪೆಡಲ್ ತುಳಿಯದೆ ಗುಡ್ಡದ ಇಳಿಜಾರಿನಲ್ಲಿ ಜಾರಿಬರುವಾಗ ಹಿಂದಿನ ಚಕ್ರ ಉದುರಿಸುತ್ತಿದ್ದ ಟಿಕಿಟಿಕಿ ಸದ್ದು ತಿರುವಿನಲ್ಲಿ ಕ್ಷಣ ಅಡಗಿ, ಮತ್ತೆ ಚಿಮ್ಮಿ, ಅಂಗಡಿಯ ಮುಂದೆ ಬ್ರೇಕಿನ ಕೀರಲಿನಲ್ಲಿ ಮುಗಿಯುತ್ತಿತ್ತಂತೆ. ಆತ ಅದನ್ನು ನಾಲಿಗೆಯಲ್ಲೇ ಮಾಡಿ ತೋರಿಸುತ್ತಿದ್ದ. ಎಷ್ಟು ಸಲ ತೋರಿಸಿದನೆಂದರೆ, ಎಂದೂ ಕೇಳದ ಆ ಸದ್ದು ಬನಶಂಕರಮ್ಮನಿಗೂ ಬಾಯಿಪಾಠವಾಯಿತು. ಉಳಿದ ಚೂರು ಶ್ರವಣ ಆರುವುದರೊಳಗೆ ಅದನ್ನು ಮತ್ತೊಮ್ಮೆ ಕೇಳಬೇಕು. ಮುದುಕನ ಹಂಬಲವೆಲ್ಲ ಅಷ್ಟೇ.

ಅದಕ್ಕೆ ಕಪ್ ನೆಟ್ಟಗೆ ಕೂರಬೇಕು. ಪೆಡಲಿನ ಅಚ್ಚು ತಿರುಗುವ ಕೊಳವೆಯ ಎರಡು ಬಾಯಿಗೂ ಒಂದೊಂದು ಕಪ್. ಕೂದಲೆಳೆಯಷ್ಟು ಓರೆಯಾದರೂ ಅಚ್ಚು ಕಟಕಟ ಅನ್ನುತ್ತದೆ, ಟಿಕಿಟಿಕಿ ಅದರಲ್ಲಿ ಮುಳುಗುತ್ತದೆ. ಬಳ್ಳಾರಿಯ ಹಳೆಯ ದಾಸ್ತಾನಿನಲ್ಲಿ ಸಿಕ್ಕಿದ್ದು ಇನ್ನೊಂದೇ ಜೊತೆ. ಈ ಸಲ ಕೆಟ್ಟರೆ ಕೊಳವೆಯ ಬಾಯೇ ಸಡಿಲವಾಗಿ, ಮತ್ತೆ ಯಾವ ಕಪ್ಪೂ ನಿಲ್ಲುವುದಿಲ್ಲ. ಹಟಮಾರಿ ಮನುಷ್ಯ ಆ ಜೊತೆಯನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ಬಹಳ ದಿನ ಓಡಾಡಿದ. ಕಡೆಗೊಮ್ಮೆ ಬನಶಂಕರಮ್ಮನ ಬಾಗಿಲಿಗೆ ಬಂದು, ಎತ್ತಲೋ ನೋಡುತ್ತ ಅಂದ:

"ತಂಗ್ಯಮ್ಮ, ಕುಂತ ತಕ್ಷಣ ಕೈ ಎತ್ತು. ಬಾಯಿ ಬ್ಯಾಡ."

"ಬಾಯಿಲೆ ಹೇಳಿದ್ರ ಕೇಳೋ ಪೈಕಿನಾ ನೀವು?" ಎಂದು ನಗುತ್ತಲೇ ಆಕೆ ಹೋಗಿ ಕೂತಳು.

ಕೊಳವೆಯ ಒಳಬಾಯನ್ನು ಬಟ್ಟೆಯಿಂದ ಉಜ್ಜಿ, ತೆಳ್ಳಗೆ ಗ್ರೀಸು ಸವರಿ, ಕಪ್ಪಿನ ಮೇಲೆ ಜಾಲಿಮರದ ತುಂಡಿಟ್ಟು ಹೊಡೆಯತೊಡಗಿದ. ಒಮ್ಮೆ ಈ ಬದಿ ತುಸು, ಒಮ್ಮೆ ಆ ಬದಿ ತುಸು. ಆತನ ಕಣ್ಣು ಸುತ್ತಿಗೆಯ ಮೇಲಿರಲಿಲ್ಲ, ಆಕೆಯ ಮಡಿಲಲ್ಲಿದ್ದ ಕೈಯ ಮೇಲಿತ್ತು. ದಪ್ಪ ಸದ್ದು, ದಪ್ಪ ಸದ್ದು. ಆಕೆ ಉಸಿರು ಹಿಡಿದಳು. ತೆಳ್ಳಗೆ ಒಂದು ಟಣ್! ಕೈ ಮೇಲಕ್ಕೆದ್ದಿತು, ಸುತ್ತಿಗೆ ಗಾಳಿಯಲ್ಲೇ ನಿಂತಿತು. ಇನ್ನೊಂದು ಬದಿಯೂ ಹಾಗೆಯೇ ಆಯಿತು. ಗುಂಡುಗಳನ್ನು ಗ್ರೀಸಿನಲ್ಲಿ ಕೂರಿಸಿ, ಅಚ್ಚು ಏರಿಸಿ, ಫ್ರೇಮಿಗೆ ಗಲ್ಲವೊತ್ತಿ ತಿರುಗಿಸಿದ ಸಣ್ಣಬಸಪ್ಪ, ಕೂಸಿನ ಎದೆಗೆ ಕಿವಿಗೊಟ್ಟವನಂತೆ ಬಹಳ ಹೊತ್ತು ಹಾಗೇ ಇದ್ದ.

ನಾಗರಪಂಚಮಿಗೆ ಸುಮಾ ಬೊಮ್ಮನಹಾಳಿನಿಂದ ತವರಿಗೆ ಬಂದಳು. ಅವಳ ಕೂದಲಲ್ಲೂ ಆಗಲೇ ನೆರೆಯಿತ್ತು. ಸೈಕಲ್ ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಸೀರಿ ಉಟ್ಕೊಂಡು ಇದರ ಮ್ಯಾಲೇನಪ್ಪಾ? ಮಂದಿ ನಗಂಗಿಲ್ಲೇನು?" ಎಂದು ಕೈಸನ್ನೆ ಮಾಡಿ ಕೂಗಿದಳು.

"ನಗ್ಲಿ ಬಿಡವ್ವ. ನಂಗೇನ್ ಕೇಳಿಸ್ತೈತಾ?"

ಆತ ಕಿವುಡನ್ನು ಬಾಯಿಬಿಟ್ಟು ಒಪ್ಪಿಕೊಂಡದ್ದು ಅದೇ ಮೊದಲು. ಸುಮಾಳ ನಗು ಅಲ್ಲೇ ನಿಂತಿತು. ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಸೈಕಲ್ ತಳ್ಳುತ್ತ ಗುಡ್ಡ ಹತ್ತಿದಳು.

ಮರುದಿನವೇ ಅವಳು ಅಪ್ಪನನ್ನು ತನ್ನೂರಿಗೆ ಕರೆದೊಯ್ದಳು. ದೀಪಾವಳಿಗೆ ಮೊದಲೇ ಆತ ಅಲ್ಲಿ ತೀರಿಕೊಂಡ ಸುದ್ದಿ ಬಂತು. ಗೋಡೆಯಾಚೆ ಈಗ ಯಾವ ಹೊಡೆತವೂ ಇಲ್ಲ. ಬನಶಂಕರಮ್ಮ ಆಗಾಗ ಮಿಷನ್ ನಿಲ್ಲಿಸಿ ಆಲಿಸುತ್ತಾಳೆ. ಇಂಥವರು ಊರೂರಲ್ಲಿ ಇರುತ್ತಾರೆ ಅನಿಸುತ್ತದೆ ಆಕೆಗೆ: ಊರಿಗೆಲ್ಲ ಚಕ್ರ ಸರಿಮಾಡಿ ಕಳಿಸುತ್ತ, ತಾವೆಲ್ಲಿಗೂ ಹೋಗದೆ ಬಾಗಿಲಲ್ಲಿ ಕೂತವರು, ತಮ್ಮವರು ಮನೆಗೆ ಬರುವ ಸದ್ದೊಂದನ್ನೇ ಜೀವಮಾನದ ಸಂಪಾದನೆಯೆಂದು ಜೋಪಾನ ಮಾಡುವವರು.

ಸುಮಾ ಗುಡ್ಡ ಹತ್ತಿದ ಆ ಪಂಚಮಿಯ ಸಂಜೆ ಸೈಕಲ್ ಇಳಿದು ಬಂತು. ಕಟಕಟ ಇಲ್ಲ, ನರಳಿಕೆಯಿಲ್ಲ, ಟಿಕಿಟಿಕಿ ಮಾತ್ರ. ತಿರುವಿನಲ್ಲಿ ಅಡಗಿತು, ಮತ್ತೆ ಚಿಮ್ಮಿತು. ಕೋಟಿನ ಜೇಬನ್ನು ಸದ್ದಾಗದಂತೆ ಅದುಮಿ ಹಿಡಿದು ನಿಂತಿದ್ದ ಸಣ್ಣಬಸಪ್ಪ ಮಗಳತ್ತ ನೋಡಲಿಲ್ಲ. ಬನಶಂಕರಮ್ಮನ ಕೈಯನ್ನೇ ನೋಡುತ್ತಿದ್ದ. ಆಕೆ ಕೈ ಎತ್ತಿದಳು. ಆತನ ಮುಖ ಅರಳಿತು, ಆದರೆ ಅಷ್ಟು ಸಾಲದೆ, ಆ ಸದ್ದನ್ನು ಹಿಂದೆಂದೂ ಕೇಳಿರದ ಆಕೆಯ ಹತ್ತಿರ ಬಂದು, ಕೇಳಿದ:

"ಅದೇ ಸದ್ದೇನ್ ತಂಗ್ಯಮ್ಮ?"